ನಾಲ್ಕು ದಿನದ ಲಂಕೆಗೆ ವಿಮೆ ಯಾಕೆ?

ಯಾವುದಾದರೂ ವಿಷಯಕ್ಕೆ ನಾನು ಒಂದಕ್ಕಿಂತ ಹೆಚ್ಚು ಕಾರಣ ಕೊಡತೊಡಗಿದರೆ ದಯವಿಟ್ಟು ನನ್ನನ್ನು ನಂಬಬೇಡಿ. ಚಿಕ್ಕಬಳ್ಳಾಪುರದ ತಾಲ್ಲೂಕು ಕಚೇರಿಯಲ್ಲಿ ಇಡೀ ನೌಕರಿ ಕಳೆದ ನನಗೆ ಈ ಗುಟ್ಟು ಚೆನ್ನಾಗಿ ಗೊತ್ತು. ನಿಜವಾಗಿ ಜ್ವರ ಬಂದವನು ರಜೆ ಅರ್ಜಿಯಲ್ಲಿ ಜ್ವರ ಎಂದಷ್ಟೇ ಬರೆಯುತ್ತಾನೆ. ಜ್ವರ, ಸೋದರಮಾವನ ಮಗಳ ಮದುವೆ, ಬಸ್ಸಿನ ಮುಷ್ಕರ, ಮನೆಯ ಸೂರು ಸೋರಿಕೆ, ಅಜ್ಜಿಯ ತಿಥಿ, ಈ ಐದನ್ನೂ ಒಟ್ಟಿಗೆ ಬರೆದವನು ನಂದಿಬೆಟ್ಟದಲ್ಲಿ ಬೋಂಡಾ ತಿನ್ನುತ್ತಿರುತ್ತಾನೆ. ಅಂಥ ಅರ್ಜಿಗಳನ್ನು ನೋಡಿ ಮುಗುಳ್ನಗುತ್ತಿದ್ದ ನಾನೇ ನಿವೃತ್ತನಾದ ಮೇಲೆ, ನಾಲ್ಕು ದಿನದ ಶ್ರೀಲಂಕಾ ಪ್ರವಾಸಕ್ಕೆ ವಿಮೆ ಯಾಕೆ ಬೇಡ ಎಂಬುದಕ್ಕೆ ಒಂದೇ ಉಸಿರಿನಲ್ಲಿ ಐದು ಕಾರಣ ಕೊಟ್ಟೆ.

ಕೇಳಿದವನು ನನ್ನ ಭಾಮೈದ ವೆಂಕಟೇಶ. ಮಂಚೇನಹಳ್ಳಿ ಬಸ್‌ಸ್ಟ್ಯಾಂಡಿನ ಎದುರಿಗೇ ಅವನ ದಿನಸಿ ಅಂಗಡಿ. ಅಂಗಡಿಯಲ್ಲಿ ಕೂತೇ ಪ್ರವಾಸ ಏರ್ಪಡಿಸಿ ಊರವರಿಗೆಲ್ಲ ಕಾಶಿ, ರಾಮೇಶ್ವರ ತೋರಿಸಿ ಅಭ್ಯಾಸವಾಗಿ, ಈ ಸಲ ಸಮುದ್ರ ದಾಟುವ ಧೈರ್ಯ ಮಾಡಿದ್ದ. ಒಂದು ಭಾನುವಾರ ಎರಡು ವಿಮೆ ಫಾರಂ ಹಿಡಿದುಕೊಂಡು ಬಂದ. ನಾನೂ ನನ್ನ ಹೆಂಡತಿ ಸರೋಜಳೂ ನಡುಮನೆಯಲ್ಲಿ ಕೂತು ಅವರೆಕಾಳು ಹಿತುಕುತ್ತಿದ್ದೆವು. "ಭಾವ, ಕಡ್ಡಾಯ ಏನಿಲ್ಲ. ಆದ್ರೂ ಮಾಡಿಸ್ಬಿಡಿ. ಪರದೇಶ, ಏನೋ ಎತ್ತೋ" ಎಂದ. ಒಂಬತ್ತನೇ ಪ್ರಶ್ನೆಯ ತನಕ ಕಣ್ಣೋಡಿಸಿ ನಾನು ಫಾರಂ ಕೆಳಗಿಟ್ಟೆ. ನಾಲ್ಕು ದಿನಕ್ಕೆ ವಿಮೆಯೇ? ಬೀದರಿಗೆ ಹೋಗುವುದಕ್ಕೆ ಒಂದು ಹಗಲು ಬೇಕು, ಕೊಲಂಬೋಗೆ ಕಾಫಿ ಕುಡಿಯುವಷ್ಟು ಹೊತ್ತು. ತಿರುಪತಿಗೆ ಇಷ್ಟು ಸಲ ಹೋದೆವು, ಯಾವ ವಿಮೆ ಇತ್ತು? ಅಲ್ಲೂ ಅನ್ನವೇ ತಿನ್ನುತ್ತಾರೆ, ಹೊಟ್ಟೆ ಯಾಕೆ ಕೆಡುತ್ತದೆ? ಕಳೆದುಹೋಗುವುದಕ್ಕೆ ನಮ್ಮ ಪೆಟ್ಟಿಗೆಯಲ್ಲಿ ಇರುವುದಾದರೂ ಏನು? ಹೀಗೆ ಐದನೆಯ ಕಾರಣಕ್ಕೆ ಬರುವಷ್ಟರಲ್ಲಿ ಸರೋಜ, "ಹೌದು ಕಣೋ ವೆಂಕಟೇಶ, ನಾಲ್ಕು ದಿನಕ್ಕೆ ಅದೆಲ್ಲ ಯಾಕಪ್ಪ? ನಿಮ್ಮ ಭಾವ ಹೇಳೋದು ಸರಿ" ಎಂದಳು.

ನನಗೆ ಆಗಲೇ ಅನುಮಾನ ಬರಬೇಕಿತ್ತು. ಮದುವೆಯಾಗಿ ಮೂವತ್ತನಾಲ್ಕು ವರ್ಷವಾಯಿತು. ಸಾರಿಗೆ ಉಪ್ಪು ಸರಿಯಿದೆ ಎಂದರೂ ಇನ್ನೊಂದು ಸಲ ರುಚಿ ನೋಡಿ ಎನ್ನುವ ಹೆಂಗಸು ಅವಳು. ನಾನು ಹೇಳಿದ್ದು ಸರಿ ಎಂಬ ಮಾತು ಆ ಬಾಯಿಂದ ನಾನು ಕೇಳಿದ್ದು ಅದೇ ಮೊದಲು. ಆದರೆ ಗೆದ್ದ ಖುಷಿಯಲ್ಲಿ ಅದು ತಲೆಗೆ ಹೋಗಲಿಲ್ಲ. ವೆಂಕಟೇಶ ನನ್ನನ್ನೊಮ್ಮೆ, ಅಕ್ಕನನ್ನೊಮ್ಮೆ ನೋಡಿ, "ಫಾರಂ ಇಲ್ಲೇ ಇರ್ಲಿ. ಮುಂದಿನ ಭಾನುವಾರ ಬರ್ತೀನಿ" ಎಂದು ಎದ್ದು ಹೋದ.

ಒಂಬತ್ತನೇ ಪ್ರಶ್ನೆ ಇಷ್ಟೇ: ನಿಮಗೆ ಈಗಾಗಲೇ ಯಾವುದಾದರೂ ಕಾಯಿಲೆ ಇದೆಯೇ? ಇದ್ದರೆ ವಿವರಿಸಿ. ನನಗೆ ಎಂಟು ತಿಂಗಳಿನಿಂದ ಸಕ್ಕರೆ ಕಾಯಿಲೆ ಇತ್ತು, ಅದು ಸರೋಜಳಿಗೆ ಗೊತ್ತಿರಲಿಲ್ಲ. ಗೊತ್ತಾದರೆ ಗಾಬರಿಯಾಗುತ್ತಾಳೆ, ಪ್ರವಾಸವೇ ಬೇಡ ಎನ್ನುತ್ತಾಳೆ ಎಂದು ನನಗೆ ನಾನೇ ಹೇಳಿಕೊಂಡಿದ್ದೆ. ಮುಚ್ಚುಮರೆ ಯಾಕೆ, ನಿಜವಾದ ಕಾರಣ ಅವಳ ಕೈಯ ಕಾಯಿಹೋಳಿಗೆ. ವಿಷಯ ತಿಳಿದ ದಿನವೇ ಹೋಳಿಗೆ ಮಣೆ ಅಟ್ಟ ಸೇರುತ್ತಿತ್ತು. ಹಾಗಾಗಿ ಮಾತ್ರೆಗಳನ್ನು ಗೋಡೆ ಗಡಿಯಾರದ ಒಳಗೆ ಇಟ್ಟಿದ್ದೆ. ಅದು ನಮ್ಮಪ್ಪನ ಕಾಲದ್ದು, ಅದಕ್ಕೆ ಕೀಲಿ ಕೊಡುವುದು ನಾನೊಬ್ಬನೇ. ದಿನಾ ಬೆಳಿಗ್ಗೆ ನೆನೆಸಿದ ಮೆಂತ್ಯ ತಿನ್ನಿ ಎಂದು ಡಾಕ್ಟರು ಹೇಳಿದ್ದರು. ಅಡುಗೆಮನೆಯ ಮೆಂತ್ಯದ ಡಬ್ಬಕ್ಕೆ ಕೈ ಹಾಕಿದರೆ ಸಿಕ್ಕಿಬೀಳುತ್ತೇನೆಂದು ಅದೊಂದನ್ನು ಮಾಡಲಿಲ್ಲ. ಕಹಿ ಬೇರೆ.

ಚಿಕ್ಕಬಳ್ಳಾಪುರದಲ್ಲಿ ಗುಟ್ಟಾಗಿ ರಕ್ತ ಪರೀಕ್ಷೆ ಮಾಡಿಸಿಕೊಳ್ಳುವುದು ಆಗದ ಮಾತು. ತೋಳಿನ ಹತ್ತಿ ಕೆಳಗೆ ಬೀಳುವ ಮೊದಲೇ "ಏನ್ ಸಾರ್, ಹುಷಾರಿಲ್ವಾ?" ಎಂದು ಇಬ್ಬರಾದರೂ ಕೇಳುತ್ತಾರೆ. ಅದಕ್ಕೇ ನಾನು ಗೌರಿಬಿದನೂರಿಗೆ ಹೋಗುತ್ತಿದ್ದೆ. ಅಲ್ಲಿ ನನ್ನ ಹಳೆಯ ಸಹೋದ್ಯೋಗಿ ಕೃಷ್ಣಪ್ಪ ಇದ್ದಾರೆ, ಅವರನ್ನು ನೋಡಿಬರುತ್ತೇನೆ ಎಂಬುದು ಮನೆಯಲ್ಲಿ ಹೇಳುವ ನೆಪ. ದಾರಿಯಲ್ಲಿ ಮಂಚೇನಹಳ್ಳಿ ಬಂದಾಗ ಮಾತ್ರ ವೆಂಕಟೇಶನ ಕಣ್ಣಿಗೆ ಬೀಳಬಾರದೆಂದು, ಚಪ್ಪಲಿಯಲ್ಲಿ ಕಲ್ಲು ಸಿಕ್ಕವನಂತೆ ಸೀಟಿನ ಕೆಳಗೆ ಬಗ್ಗಿ ಕೂರುತ್ತಿದ್ದೆ. ಲ್ಯಾಬಿನ ಚೀಟಿಯಲ್ಲಿ 'ತುರ್ತಿಗೆ ಯಾರಿಗೆ ತಿಳಿಸಬೇಕು' ಎಂಬಲ್ಲಿಯೂ ಕೃಷ್ಣಪ್ಪನವರ ಹೆಸರೇ ಬರೆಸಿದ್ದೆ. ಎಷ್ಟು ಜಾಣ ನಾನು ಎಂದು ಅವತ್ತು ಹೆಮ್ಮೆಪಟ್ಟುಕೊಂಡದ್ದು ನೆನಪಿದೆ.

ವೆಂಕಟೇಶ ಬಂದುಹೋದ ಎರಡನೇ ದಿನ, ವರದಿ ಸಿದ್ಧವಾಗಿದೆ ಎಂದು ಲ್ಯಾಬಿನಿಂದ ನನ್ನ ಫೋನಿಗೆ ಮೆಸೇಜು ಬಂತು. ಹಿಂದಿನ ವಾರ ರಕ್ತ ಕೊಟ್ಟು, ಬಸ್ಸಿಗೆ ಹೊತ್ತಾಯಿತೆಂದು ವರದಿ ತೆಗೆದುಕೊಳ್ಳದೆ ಬಂದಿದ್ದೆ. ಕೃಷ್ಣಪ್ಪನವರಿಗೆ ಮಂಡಿನೋವು ಜೋರಾಗಿದೆ ಎಂದು ಸರೋಜಳಿಗೆ ಹೇಳಿ ಹೊರಟೆ. ಕೌಂಟರಿನ ಹುಡುಗಿ ಫೋನ್ ನಂಬರ್ ಕೇಳಿ, ಕಂಪ್ಯೂಟರ್ ನೋಡಿ, ಎರಡು ಕವರ್ ತೆಗೆದಳು. "ನಿಮ್ಮ ನಂಬರಿಗೆ ಎರಡಿದೆ ಸರ್. ಒಂದು ನಿಮ್ದು, ಇನ್ನೊಂದು ಸರೋಜಮ್ಮ ಅಂತ. ಮೇಡಂದೂ ನೀವೇ ತಗೊಂಡು ಹೋಗ್ತೀರಾ?"

ನಾನು "ಹ್ಞೂಂ" ಎಂದೆ. ಬೇರೆ ಸರೋಜಮ್ಮ ಇರಬಹುದು ಎಂದುಕೊಂಡು ಕವರ್ ತಿರುಗಿಸಿದೆ. ವಯಸ್ಸು ಅವಳದೇ. ಊರು ನಮ್ಮದೇ. ತುರ್ತಿಗೆ ತಿಳಿಸಬೇಕಾದವರು ಎಂಬಲ್ಲಿ 'ಗಂಡ' ಎಂದು ಬರೆದು, ಅದರ ಮುಂದೆ ನನ್ನ ನಂಬರು. ಕಳೆದ ಒಂದು ತಿಂಗಳಲ್ಲಿ ಎರಡು ಸಲ "ತಮ್ಮನ ಮನೆಗೆ ಹೋಗ್ಬರ್ತೀನಿ" ಎಂದು ಹೋದವಳು ಮಂಚೇನಹಳ್ಳಿಯಲ್ಲಿ ಇಳಿದಿರಲಿಲ್ಲ ಎಂಬುದು ಆಗ ಗೊತ್ತಾಯಿತು.

ಬಸ್ಸಿನಲ್ಲಿ ಕವರಿನ ಪಿನ್ನು ಬಿಚ್ಚಿದೆ. ಒಳಗೆ ಎದೆಬಡಿತದ ಪಟ್ಟಿ, ಉದ್ದಕ್ಕೂ ಏರುವ ಇಳಿಯುವ ಗೆರೆಗಳು. ಪಹಣಿ ಓದಬಲ್ಲೆ, ಹಳೇ ಮೈಸೂರು ಕಾಲದ ಮೋಡಿ ಅಕ್ಷರದ ಕ್ರಯಪತ್ರವನ್ನೂ ತಡವರಿಸಿ ಓದಬಲ್ಲೆ, ಆ ಗೆರೆ ಮಾತ್ರ ಒಂದೂ ಅರ್ಥವಾಗಲಿಲ್ಲ. ಕೊನೆಯಲ್ಲಿ, ಕೂಡಲೇ ಟ್ರೆಡ್‌ಮಿಲ್ ಪರೀಕ್ಷೆ ಮಾಡಿಸಬೇಕು ಎಂದಿತ್ತು. 'ಕೂಡಲೇ' ಎಂಬುದರ ಕೆಳಗೆ ಯಾರೋ ಪೆನ್ನಿನಲ್ಲಿ ಗೆರೆ ಎಳೆದಿದ್ದರು. ನನಗೆ ತುಂಬಾ ಭಯವಾಯಿತು. ಮಂಚೇನಹಳ್ಳಿ ಬಂದದ್ದೂ ತಿಳಿಯಲಿಲ್ಲ, ಬಗ್ಗಿ ಕೂರುವುದನ್ನೂ ಮರೆತೆ.

ಮನೆಗೆ ಬಂದು ಕೇಳಿಬಿಡಬಹುದಿತ್ತಲ್ಲ ಎನ್ನುತ್ತೀರಿ. ಕವರ್ ಮುಂದಿಟ್ಟರೆ ಅವಳು ಕೇಳುವ ಮೊದಲ ಮಾತು "ಇದು ನಿಮಗೆಲ್ಲಿ ಸಿಕ್ತು?" ಎಂದು. ಅದಕ್ಕೆ ಉತ್ತರ ಕೊಡಬೇಕಾದರೆ ನಾನು ಆ ಲ್ಯಾಬಿಗೆ ಯಾಕೆ ಹೋಗಿದ್ದೆ ಎಂಬುದು ಬರುತ್ತದೆ. ಅಲ್ಲಿಂದ ಗಡಿಯಾರ, ಅಲ್ಲಿಂದ ಎಂಟು ತಿಂಗಳ ಸುಳ್ಳು. ಕವರನ್ನು ಅಂಚೆಯಲ್ಲಿ ಬಂದಂತೆ ಗೇಟಿನ ಪೆಟ್ಟಿಗೆಗೆ ಹಾಕೋಣವೆಂದರೆ ಪಿನ್ನು ಬಿಚ್ಚಿಯಾಗಿತ್ತು. ಹೇಳಲೂ ಆಗದೆ ಬಿಡಲೂ ಆಗದೆ ಎರಡು ದಿನ ಅವಳ ಹಿಂದೆ ಹಿಂದೆ ಸುತ್ತಿದೆ. ನೀರಿನ ಬಿಂದಿಗೆ ನಾನೇ ಎತ್ತಿಟ್ಟೆ, ಹಿಟ್ಟಿನ ಗಿರಣಿಗೆ ನಾನೇ ಹೋದೆ, ರಾಗಿಮುದ್ದೆ ತೊಳಸುವ ಕೋಲನ್ನು ಕೈಯಿಂದ ಕಿತ್ತುಕೊಂಡು ಗಂಟುಗಂಟಾಗಿ ತೊಳಸಿದೆ. ಅವಳು ಸೊಂಟದ ಮೇಲೆ ಕೈಯಿಟ್ಟು ನಿಂತು, "ಏನ್ರೀ ಆಗಿದೆ ನಿಮಗೆ? ಡಾಕ್ಟರತ್ರ ಹೋಗಿದ್ರಾ? ಏನಂದ್ರು? ನಿಜ ಹೇಳಿ" ಎಂದಳು. ಗಂಡ ಮನೆಗೆಲಸ ಮಾಡಿದರೆ ಅವನಿಗೆ ಪ್ರಾಣಾಂತಿಕವಾದದ್ದೇನೋ ಬಂದಿದೆ ಎಂದು ಹೆಂಡತಿಗೆ ಅನ್ನಿಸುವಂತೆ ಬದುಕಿದ್ದೇನೆ ಎಂದು ನಾಚಿಕೆಯಾಯಿತು. ಆದರೂ ಬಾಯಿ ಬಿಡಲಿಲ್ಲ.

ಗುರುವಾರ ಮಧ್ಯಾಹ್ನ ತಾರಸಿಯ ಮೇಲೆ ಒಣಹಾಕಿದ್ದ ಮೆಣಸಿನಕಾಯಿ ತರಲು ಅವಳು ಮೆಟ್ಟಿಲು ಹತ್ತಿದಳು. ನಾನು ಹಿತ್ತಲಿನಿಂದ ಓಡಿ ಬರುವಷ್ಟರಲ್ಲಿ ಅರ್ಧ ಹತ್ತಿ, ಗೋಡೆ ಹಿಡಿದು ನಿಂತಿದ್ದಳು. ದೇವನಹಳ್ಳಿಯಿಂದ ಎದ್ದ ವಿಮಾನವೊಂದು ತಲೆಯ ಮೇಲೆ ಹೋಗುತ್ತಿತ್ತು. ನಮ್ಮ ಮನೆಯ ಮೇಲೆ ದಿನಾ ಎಷ್ಟೋ ವಿಮಾನ ಹೋಗುತ್ತವೆ, ನಾನು ತಲೆಯೆತ್ತುವುದಿಲ್ಲ. ಅವಳು ಪ್ರತಿಯೊಂದನ್ನೂ ನೋಡುತ್ತಾಳೆ. "ಇನ್ನೊಂದು ತಿಂಗಳಿಗೆ... ನಾವೂ ಅದ್ರಲ್ಲಿ ಇರ್ತೀವಿ... ಅಲ್ವೇನ್ರೀ?" ಎಂದಳು. ನಡುನಡುವೆ ಉಸಿರು ಕಟ್ಟುತ್ತಿತ್ತು, ಮುಖದಲ್ಲಿ ಮಾತ್ರ ನಗು.

"ಸರೋಜ, ಕೆಳಗೆ ಬಾ. ಮೆಣಸಿನಕಾಯಿ ಹಾಳಾಗಿ ಹೋಗ್ಲಿ" ಎಂದೆ. ನಾನೇ ಹತ್ತಿ ಹೋಗಿ ಕೈಹಿಡಿದು ಇಳಿಸಿಕೊಂಡು ಬಂದೆ. ಕುರ್ಚಿಯಲ್ಲಿ ಕೂರಿಸಿ, ನೀರು ಕೊಟ್ಟು, ಕವರನ್ನು ಅವಳ ಮಡಿಲಿಗೆ ಹಾಕಿದೆ. ಅವಳು ಅದರ ಮೇಲಿನ ತನ್ನ ಹೆಸರು ಓದಿದಳು. ಆಮೇಲೆ ನಾನು ಅಂದುಕೊಂಡದ್ದನ್ನೇ ಕೇಳಿದಳು.

"ಇದು ನಿಮಗೆಲ್ಲಿ ಸಿಕ್ತು?"

ನಾನು ಎದ್ದು ಹೋಗಿ ಗಡಿಯಾರದ ಬಾಗಿಲು ತೆಗೆದು, ಲೋಲಕದ ಹಿಂದಿನಿಂದ ಮಾತ್ರೆಯ ಪಟ್ಟಿಗಳನ್ನು ಎಳೆದು ತಂದೆ. "ಸಕ್ಕರೆ ಕಾಯಿಲೆ. ಎಂಟು ತಿಂಗಳಾಯ್ತು" ಎಂದೆ. ಅವಳು ಮಾತ್ರೆ ನೋಡಲಿಲ್ಲ, ಗಡಿಯಾರ ನೋಡಿದಳು. "ಅದಕ್ಕೇ ಅದು ಹಿಂದೆ ಬೀಳ್ತಿರೋದು! ನನ್ನ ಧಾರಾವಾಹಿ ದಿನಾ ಅರ್ಧ ಮುಗಿದಿರುತ್ತೆ, ಎಲ್ಲ ಟೀವಿಯವ್ರ ಮೋಸ ಅಂದ್ಕೊಂಡಿದ್ದೆ!" ಎಂದಳು. ಆಮೇಲೆ ಅತ್ತಳು. "ಹೇಳಿದ್ರೆ ನೀವು ಹೋಗೋದು ಬೇಡ ಅಂತಿದ್ರಿ. ಶಿಡ್ಲಘಟ್ಟದ ಸ್ಕೂಲಲ್ಲಿ ಮೂವತ್ತು ವರ್ಷ ಭಾರತದ ನಕ್ಷೆ ಬರೆದಿದೀನಿ ಕಣ್ರೀ. ಕೊನೇಲಿ ಕೆಳಗೆ ಒಂದು ಮಾವಿನಕಾಯಿ ಥರ ಬರೆದು, ಇದು ಶ್ರೀಲಂಕಾ ಮಕ್ಕಳೇ ಅಂತಿದ್ದೆ. ನೀವು ನೋಡಿದೀರಾ ಮಿಸ್ ಅಂತ ಕೇಳೋವು. ಒಂದೇ ಒಂದ್ಸಲ ನೋಡ್ಬೇಕು ಅಂತ ಆಸೆ." ನಾನು ಹೋಳಿಗೆಗೋಸ್ಕರ ಸುಳ್ಳು ಹೇಳಿದ್ದೆ, ಅವಳು ಒಂದು ದೇಶಕ್ಕೋಸ್ಕರ. ಅವಳ ಮಾತ್ರೆ ಎಲ್ಲಿ ಎಂದು ಕೇಳಿದೆ. ಮೂಗು ಒರೆಸಿಕೊಳ್ಳುತ್ತ, "ಮೆಂತ್ಯದ ಡಬ್ಬದಲ್ಲಿ. ನೀವು ಜನ್ಮದಲ್ಲಿ ಅದನ್ನ ಮುಟ್ಟಲ್ಲ ಅಂತ" ಎಂದಳು.

ಮರುದಿನವೇ ಬೆಂಗಳೂರಿನ ಹೃದಯದ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಟ್ರೆಡ್‌ಮಿಲ್ ಕೋಣೆಯ ಬಾಗಿಲು ಮುಚ್ಚಿದ ಮೇಲೆ ಹೊರಗಿನ ಬೆಂಚಿನಲ್ಲಿ ಕೂತು ಅವಳ ಹೆಜ್ಜೆಯ ಸದ್ದು ಕೇಳುತ್ತಿದ್ದೆ. ಸದ್ದು ಜೋರಾದರೆ ಭಯ, ನಿಂತರೆ ಇನ್ನೂ ಭಯ. ಒಂದು ಸಲ ಪೂರ್ತಿ ನಿಂತೇಹೋಯಿತು. ನಾನು ಬಾಗಿಲು ತಟ್ಟಿದೆ. ನರ್ಸಮ್ಮ ಇಣುಕಿ, "ಪರೀಕ್ಷೆ ಮುಗೀತು, ಕೂತ್ಕೊಳ್ಳಿ ಯಜಮಾನ್ರೇ" ಎಂದು ಗದರಿದರು. ಡಾಕ್ಟರು ನಿಧಾನವಾಗಿ ಎಲ್ಲವನ್ನೂ ನೋಡಿ, ತೊಂದರೆ ಇದೆ, ಆದರೆ ಮಾತ್ರೆಯಲ್ಲಿ ಹತೋಟಿಗೆ ಬರುತ್ತದೆ, ಬೆಟ್ಟಗಿಟ್ಟ ಹತ್ತದಿದ್ದರೆ ಹೋಗಿಬರಬಹುದು ಎಂದು ಚೀಟಿ ಬರೆದುಕೊಟ್ಟರು. ಸರೋಜ ಆ ಚೀಟಿಯನ್ನು ಪಾಸ್‌ಪೋರ್ಟಿನೊಳಗೆ ಮಡಿಸಿಟ್ಟುಕೊಂಡಳು.

ಭಾನುವಾರ ವೆಂಕಟೇಶ ಬಂದ. ಒಂಬತ್ತನೇ ಪ್ರಶ್ನೆಗೆ ಇಬ್ಬರೂ 'ಹೌದು' ಎಂದು ಬರೆದದ್ದನ್ನು ನೋಡಿಯೂ ಅವನಿಗೆ ಆಶ್ಚರ್ಯವಾಗಲಿಲ್ಲ. "ಏನ್ ಭಾವ, ಒಂದಿನ ಅಕ್ಕ ಸೆರಗು ಹೊದ್ಕೊಂಡು ನನ್ನ ಅಂಗಡಿ ಮುಂದೇನೇ ಗೌರಿಬಿದನೂರು ಬಸ್ಸಲ್ಲಿ ಹೋಗ್ತಾಳೆ, ಇನ್ನೊಂದಿನ ನೀವು ತಲೆ ಬಗ್ಗಿಸ್ಕೊಂಡು ಹೋಗ್ತೀರ. ತಲೆ ಬಗ್ಗಿಸಿದ್ರೆ ಬೋಳು ಇನ್ನೂ ಚೆನ್ನಾಗಿ ಕಾಣುತ್ತೆ ಭಾವ. ಅದಕ್ಕೇ ಫಾರಂ ತಂದಿದ್ದು" ಎಂದ. ಮೊದಲೇ ಇರುವ ಕಾಯಿಲೆಗೆ ವಿಮೆಯವರು ಎಷ್ಟು ಕೊಡುತ್ತಾರೋ ಹೇಳುವುದು ಕಷ್ಟ, ಆದರೆ ಮುಚ್ಚಿಟ್ಟು ಸಿಕ್ಕಿಬಿದ್ದರೆ ಯಾವುದಕ್ಕೂ ಏನೂ ಕೊಡುವುದಿಲ್ಲ ಎಂದೂ ವಿವರಿಸಿದ. ಅದು ಸಂಸಾರಕ್ಕೂ ಅನ್ವಯಿಸುತ್ತದೆ ಎನ್ನುವಂತೆ ಸರೋಜ ನನ್ನ ಕಡೆ ನೋಡಿದಳು.

ಫಾರಂನ ಕೊನೆಯಲ್ಲಿ ಅದೇ ಹಳೆಯ ಸಾಲು, ತುರ್ತಿಗೆ ಯಾರಿಗೆ ತಿಳಿಸಬೇಕು. "ಮೊದ್ಲು ಜೊತೆಗಿರೋರಿಗೇ ತಾನೇ ತಿಳಿಸ್ಬೇಕು, ಒಬ್ರಿಗೊಬ್ರು ಬರೀರಿ" ಎಂದ ವೆಂಕಟೇಶ. ಸರೋಜ ತಲೆಯೆತ್ತದೆ ನನ್ನ ನಂಬರ್ ಬರೆದುಬಿಟ್ಟಳು. ಗುಟ್ಟು ಮಾಡಲು ಹೋದವಳು ಲ್ಯಾಬಿನಲ್ಲಿ ನನ್ನ ನಂಬರ್ ಯಾಕೆ ಕೊಟ್ಟೆ ಎಂದು ಆಗ ಕೇಳಿದೆ. "ನನ್ನ ನಂಬರ್ ನಂಗೆಲ್ಲಿ ನೆನಪಿದೆ? ಫೋನ್ ನಂಬರ್ ಅಂದ ತಕ್ಷಣ ನಿಮ್ಮದೇ ಬಾಯಿಗೆ ಬರುತ್ತೆ" ಎಂದಳು. ನಾನು ಪೆನ್ನು ಹಿಡಿದು ಕೂತೆ. ನನ್ನ ಬಾಯಿಗೆ ಏನೂ ಬರಲಿಲ್ಲ. ನನ್ನ ಫೋನಿನಲ್ಲಿ ಅವಳ ಹೆಸರು 'ಮನೆ' ಎಂದಿದೆ, ಅದನ್ನು ಒತ್ತಿದರೆ ಅವಳು ಮಾತಾಡುತ್ತಾಳೆ, ಅಷ್ಟೇ ನನಗೆ ಗೊತ್ತಿರುವುದು. ಕೃಷ್ಣಪ್ಪನವರ ನಂಬರಾಗಿದ್ದರೆ ಹತ್ತಂಕಿಯನ್ನೂ ಬಾಯಿಪಾಠ ಒಪ್ಪಿಸುತ್ತಿದ್ದೆ. ಕೊನೆಗೆ ವೆಂಕಟೇಶನೇ ತನ್ನ ಫೋನು ನೋಡಿ ಹೇಳಿದ, ನಾನು ಬರೆದುಕೊಂಡೆ. ನಾನು ಬರೆಯುವ ಒಂದೊಂದು ಅಂಕಿಯನ್ನೂ ಸರೋಜ ನೋಡುತ್ತಿದ್ದಳು, ಬೈದಿದ್ದರೆ ಒಳ್ಳೆಯದಿತ್ತು.

ಈಗ ದಿನಾ ಬೆಳಿಗ್ಗೆ ಮೆಂತ್ಯ ಅಗಿಯುತ್ತ, ಗಡಿಯಾರಕ್ಕೆ ಕೀಲಿ ಕೊಡುತ್ತ ಆ ನಂಬರನ್ನು ಉರು ಹೊಡೆಯುತ್ತಿದ್ದೇನೆ. ನಿನ್ನೆ ಪರೀಕ್ಷೆ ಮಾಡಿಯೇಬಿಡೋಣವೆಂದು ನೋಡದೆ ಒತ್ತಿದೆ. ಚಿಂತಾಮಣಿಯ ಟೊಮೇಟೊ ಮಂಡಿಯ ಯಾರೋ ಒಬ್ಬರು ಎತ್ತಿಕೊಂಡು "ಎವರಂಡಿ?" ಎಂದು ತೆಲುಗಿನಲ್ಲಿ ಯಾರೆಂದು ವಿಚಾರಿಸಿದರು. ಕ್ಷಮಿಸಿ, ಹೆಂಡತಿಗೆ ಮಾಡುತ್ತಿದ್ದೆ, ತಪ್ಪಾಯಿತು ಎಂದೆ. "ಏನ್ ಸ್ವಾಮಿ, ಹೆಂಡ್ತಿ ನಂಬರ್ ಗೊತ್ತಿಲ್ವಾ?" ಎಂದು ಅವರು ಕೇಳಿದರು.

ನಾನು ಒಂದೇ ಉಸಿರಿನಲ್ಲಿ ಐದು ಕಾರಣ ಕೊಟ್ಟೆ.