ದಂತವೈದ್ಯರ ಕಾರಿಗೆ ಬಂದ ಕಾಯಿಲೆ

ಬಾಯಿ ತೆರೆಸಿದ ಕೂಡಲೇ ನೋಯುವ ಹಲ್ಲು ಯಾವುದೆಂದು ಹೇಳಬಲ್ಲ ತಮಗೆ ಕಾರಿನ ಕಾಯಿಲೆ ಯಾವ ಲೆಕ್ಕ ಎಂಬುದು ದಂತವೈದ್ಯರ ದೃಢ ನಂಬಿಕೆ. ಓಡುತ್ತಿದ್ದ ಕಾರು ಇದ್ದಕ್ಕಿದ್ದಂತೆ ಉಸಿರು ನಿಲ್ಲಿಸುವ ಚಾಳಿ ಕಲಿತ ಮೇಲೂ ಅವರು ಗ್ಯಾರೇಜಿನತ್ತ ತಲೆ ಹಾಕಲಿಲ್ಲ. “ಬಾನೆಟ್ ಎತ್ತಿದ್ರೆ ನನಗೇ ಗೊತ್ತಾಗುತ್ತೆ ಬಿಡೆ” ಎಂದು ಹೆಂಡತಿಗೆ ಹೇಳಿದ್ದರು.

ಆ ಬೆಳಿಗ್ಗೆ ಹೆಂಡತಿಗೆ ಕಾಲೇಜೊಂದರಲ್ಲಿ ಗ್ರಂಥಪಾಲಕಿ ಹುದ್ದೆಯ ಸಂದರ್ಶನ. ಮಕ್ಕಳಿಗಾಗಿ ಕೆಲಸ ಬಿಟ್ಟಿದ್ದವಳು ಎಷ್ಟೋ ವರ್ಷಗಳ ಮೇಲೆ ಮತ್ತೆ ಹೊರಟಿದ್ದಳು.

“ತಡವಾದ್ರೆ ಒಳಗೇ ಬಿಡೋದಿಲ್ವಂತೆ” ಎಂದಳು.

“ನಾನಿಲ್ವಾ?” ಎಂದರು ವೈದ್ಯರು. ಅವಳ ಭಯವೂ ಅದೇ ಆಗಿತ್ತು.

ಬೀದಿಯ ಕೊನೆಯ ರಸ್ತೆಯುಬ್ಬು ದಾಟುತ್ತಲೇ ಕಾರು ಮೂಕವಾಯಿತು. ವೈದ್ಯರು ಇಳಿದು, ಅಲುಗಾಡುವ ದವಡೆಹಲ್ಲನ್ನು ಪರೀಕ್ಷಿಸುವಂತೆ ಬ್ಯಾಟರಿಯನ್ನು ಹಿಡಿದು ಅಲ್ಲಾಡಿಸಿ ಬಂದರು. ಕೀಲಿ ತಿರುಗಿಸಿದರೆ ಇಂಜಿನ್ ಗುರ್ರೆಂದಿತು.

“ನೋಡಿದ್ಯಾ? ಬ್ಯಾಟರಿ.”

ಮುಂದಿನ ಗುಂಡಿಯಲ್ಲಿ ಮತ್ತೆ ನಿಂತಿತು. ಈ ಸಲ ಪೆಟ್ರೋಲ್ ಟ್ಯಾಂಕಿನ ಮುಚ್ಚಳ ತೆಗೆದು ಮತ್ತೆ ಮುಚ್ಚಿದರು. ಹೊರಟಿತು. “ಹೊಟ್ಟೆಯುಬ್ಬರ ಕಣೆ, ಗ್ಯಾಸು ಹೋಗ್ಬೇಕಿತ್ತು.”

ಮತ್ತೊಂದು ಗುಂಡಿ ಬಂತು, ಕಾರು ಮತ್ತೆ ನಿಂತಿತು. ಏನೂ ತೋಚದೆ, ಇಳಿದು ತಲೆ ಕೆರೆದುಕೊಂಡು ಹಾಗೇ ಬಂದು ಕೂತರು. ಆಗಲೂ ಹೊರಟಿತು! ಅಲ್ಲಿಗೆ ವೈದ್ಯಶಾಸ್ತ್ರವೇ ತಲೆಕೆಳಗಾಯಿತು. ಏನೂ ಮಾಡದೆಯೇ ವಾಸಿಯಾಗಿ, ವಾಸಿಯಾದ ಮೇಲೆ ಮತ್ತೆ ಬರುವ ರೋಗಕ್ಕೆ ಏನೆಂದು ಹೆಸರಿಡುವುದು?

“ನೀನು ಎಡಕ್ಕೆ ವಾಲಿ ಕೂತಿದ್ದೆಯಾ?” ಎಂದು ಹೆಂಡತಿಯನ್ನೇ ಕೇಳಿದರು.

“ಮಾತಾಡದೆ ಓಡಿಸಿ. ನಾನೊಂದು ನೋಡ್ಬೇಕು.”

ಮುಂದಿನ ಉಬ್ಬಿನಲ್ಲಿ, ಕಾರಿನ ಕೀಲಿಗೆ ಜೋತುಬಿದ್ದಿದ್ದ ಕೀಲಿಗಳ ಗೊಂಚಲು ಕುಪ್ಪಳಿಸಿ ಕೆಳಗೆ ಜಗ್ಗಿತು. ಕ್ಲಿನಿಕ್ಕಿನದು, ಔಷಧಿ ಕಪಾಟಿನದು, ಮನೆಯದು, ಯಾವ ಬೀಗದ್ದೆಂದು ಯಾರಿಗೂ ನೆನಪಿಲ್ಲದವು ಎಲ್ಲ ಅದರಲ್ಲಿದ್ದವು. ಆ ಭಾರಕ್ಕೆ ಕಾರಿನ ಕೀಲಿ ತಾನಾಗಿ ಹಿಂದಕ್ಕೆ ತಿರುಗಿತು. ಇಂಜಿನ್ ನಿಂತಿತು.

“ಕಾರು ಕೆಟ್ಟಿಲ್ಲ ರೀ” ಎಂದಳು ಹೆಂಡತಿ ತಣ್ಣಗೆ. “ನಿಮ್ಮ ಗೊಂಚಲು ಅದನ್ನ ಆಫ್ ಮಾಡ್ತಿದೆ.”

ಕಾರಿನ ಕೀಲಿಯಿಂದ ಗೊಂಚಲನ್ನು ಬಿಚ್ಚಿ ತನ್ನ ಕೈಚೀಲಕ್ಕೆ ಹಾಕಿಕೊಂಡಳು. ಕಾರು ಎಲ್ಲೂ ಮುಗ್ಗರಿಸಲಿಲ್ಲ. ಅವಳು ಓಡುತ್ತ ಕಾಲೇಜಿನೊಳಗೆ ಹೋದಳು.

ಕ್ಲಿನಿಕ್ಕಿನ ಮುಂದೆ ವಕೀಲರೊಬ್ಬರು ಊದಿದ ಕೆನ್ನೆ ಹಿಡಿದು ಕಾಯುತ್ತಿದ್ದರು. ಬಾಗಿಲ ಮುಂದೆ ನಿಂತು ಜೇಬು ತಡಕಿದಾಗ ವೈದ್ಯರಿಗೆ, ಗೊಂಚಲು ಕೈಚೀಲದೊಡನೆ ಕಾಲೇಜಿಗೆ ಹೋದದ್ದು ನೆನಪಾಯಿತು. ಹೆಂಡತಿಯ ಫೋನ್ ಸ್ವಿಚ್ ಆಫ್.

“ಯಾಕೆ ಡಾಕ್ಟ್ರೇ, ಬಾಗಿಲು ತೆಗೀತಿಲ್ಲ?” ಎಂದು ನರಳಿದರು ವಕೀಲರು. ಅವರನ್ನೇ ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ವೈದ್ಯರು ಕಾಲೇಜಿಗೆ ವಾಪಸ್ಸು ಹೊರಟರು. ವಕೀಲರ ಪಾಟೀಸವಾಲಿಗೆ ದಾರಿಯುದ್ದಕ್ಕೂ, ಬೆಳಿಗ್ಗೆ ಕಾರಿನಲ್ಲಿ ನಡೆದದ್ದೆಲ್ಲ ಬಾಯಿ ಬಿಡಬೇಕಾಯಿತು.

ಹೆಂಡತಿ ಅರಳಿದ ಮುಖದಲ್ಲಿ ಗೇಟಿಗೆ ಬಂದಳು. “ಕೆಲಸ ಸಿಕ್ತು ರೀ!”

“ಸಂತೋಷ. ಮೊದಲು ಕೀಲಿ ಕೊಡು.”

ಅವಳು ಕೈಚೀಲಕ್ಕೆ ಕೈ ಹಾಕುವಷ್ಟರಲ್ಲಿ ಹಿಂದಿನ ಕಿಟಕಿಯಿಂದ ಊದಿದ ಕೆನ್ನೆಯೊಂದು ಹೊರಬಂತು.

“ತಾಯಿ, ಹಾಗೇ ನನ್ನ ಹಲ್ಲನ್ನೂ ಒಮ್ಮೆ ನೀವೇ ನೋಡಿಬಿಡಿ.”