ಹರಿಗೋಲಿನಲ್ಲಿ ಒಂದು ಟವೆಲ್

ನಿಜವಾದ ಜಗಳವೆಂದರೆ ನನಗೆ ಮೊದಲಿನಿಂದಲೂ ಭಯ. ನಮ್ಮ ತಾಲೂಕು ಕಚೇರಿಯಲ್ಲಿ ಯಾರಾದರೂ ದನಿ ಏರಿಸಿದರೆ ನಾನು ಎದ್ದು ಕಪಾಟಿನಲ್ಲಿ ಏನನ್ನೋ ಹುಡುಕತೊಡಗುತ್ತೇನೆ. ಇಂಥವನು ಪ್ರತಿ ಭಾನುವಾರ ಮಧ್ಯಾಹ್ನ ಭಾಗ್ಯನಗರದ ನಮ್ಮ ಪಡಸಾಲೆಯಲ್ಲಿ ಕೂತು ರಾಕ್ಷಸರನ್ನು ಹುಟ್ಟಿಸಿ ಯುದ್ಧ ಹೂಡುತ್ತೇನೆಂದರೆ ನೀವು ನಗಬಹುದು. ವರ್ಗವಾಗಿ ಹೋದ ಗೆಳೆಯನೊಬ್ಬ ಬಿಟ್ಟುಹೋದ ಆಟವಿದು. ಒಬ್ಬ ಕಥೆ ನಡೆಸಬೇಕು; ಉಳಿದವರು ತಲಾ ಒಂದು ಪಾತ್ರವಾಗಿ ‘ನಾನು ಹೀಗೆ ಮಾಡುತ್ತೇನೆ’ ಎನ್ನಬೇಕು; ಅದು ಆಗುತ್ತದೋ ಇಲ್ಲವೋ ಎಂದು ದಾಳ ಹೇಳುತ್ತದೆ. ನನ್ನ ಹೆಂಡತಿ ಗಿರಿಜಾ ಮಂತ್ರವಾದಿನಿ, ಅವಳ ತಮ್ಮ ಬಸವರಾಜ ಕತ್ತಿವೀರ. ಪಕ್ಕದ ಮನೆಯ ನಿವೃತ್ತ ಶರಣಪ್ಪ ಮಾಸ್ತರರು ತಾವೇ ಆಸೆಪಟ್ಟು ಕಳ್ಳನಾಗಿದ್ದಾರೆ. ಕಥೆ ನಡೆಸುವವನು ನಾನು. ಇಡೀ ವಾರದಲ್ಲಿ ನನ್ನ ಮಾತು ನಡೆಯುವುದು ಅದೊಂದೇ ಹೊತ್ತು.

ಆದರೆ ಯುದ್ಧ ಬಂತೆಂದರೆ ಆಟ ಸಪ್ಪೆಯಾಗುತ್ತಿತ್ತು. ದಾಳ ಹಾಕು, ತಾಗಿತು, ರಾಕ್ಷಸನ ಅಂಕ ಕಳೆ. ದಾಳ ಹಾಕು, ತಾಗಲಿಲ್ಲ. ಮಾಸ್ತರರು ದಾಳ ಹಿಡಿದುಕೊಂಡೇ ನಿದ್ದೆ ಹೋಗುತ್ತಿದ್ದರು. ಗಿರಿಜಾ “ನನ್ನ ಪಾಳಿ ಬಂದಾಗ ಕರೀರಿ” ಎಂದು ಶೇಂಗಾ ಹುರಿಯಲು ಹೋಗುತ್ತಿದ್ದಳು. ಕೊನೆಗೆ ಬಸವರಾಜ ಹೇಳಿಯೇಬಿಟ್ಟ: “ಮಾಮಾ, ಸಿಟ್ಟಾಗಬ್ಯಾಡ್ರಿ. ಮುಂದಿನ ವಾರದಿಂದ ಇಸ್ಪೀಟ ಆಡೂನ್ರಿ.” ಇಸ್ಪೀಟಿನಲ್ಲಿ ನಾನು ಯಾರು? ಎಲೆ ಕಲಸುವವನು, ಅಷ್ಟೇ. “ಇನ್ನೊಂದು ವಾರ ನೋಡು. ಯುದ್ಧ ರಂಗೇರಲಿಲ್ಲ ಅಂದ್ರ ದಾಳ ಎಲ್ಲಾ ಹಿರೇಹಳ್ಳಕ್ಕ ಒಗೀತೀನಿ” ಎಂದೆ.

ಹಠ ಹಿಡಿದೆ. ಮೊದಲು ರಾಕ್ಷಸನ ತಲೆಗಳನ್ನು ಹೆಚ್ಚಿಸಿದೆ. ಬಚ್ಚಲಮನೆಯಲ್ಲಿ ಅವನ ಘರ್ಜನೆಯನ್ನು ಅಭ್ಯಾಸ ಮಾಡಿದೆ, ಮಾಸ್ತರರು ಗೋಡೆಯಾಚೆಯಿಂದ “ಸಾಹೇಬ್ರ, ಆರಾಮ ಅದೀರಿಲ್ಲ?” ಎಂದು ಕೇಳಿದ ಮೇಲೆ ಬಿಟ್ಟೆ. ದಾರಿ ಸಿಕ್ಕಿದ್ದು ಕುಷ್ಟಗಿ ಬಸ್ ನಿಲ್ದಾಣದಲ್ಲಿ. ಬಸ್ಸು ನಿಲ್ಲುವ ಮೊದಲೇ ಸೀಟು ಹಿಡಿಯಲು ಕಿಟಕಿಗಳೊಳಗೆ ಟವೆಲುಗಳು ಹಾರಿದವು. ಟವೆಲ್ ಹಾಕಿದವನಿಗೂ ಅದನ್ನು ಸರಿಸಿ ಕೂತವನಿಗೂ ಜಗಳ ಹತ್ತಿಕೊಂಡಿತು. ಯಾರೂ ಯಾರನ್ನೂ ಮುಟ್ಟಲಿಲ್ಲ, ಆದರೂ ಜನ ಚಹಾ ಬಿಟ್ಟು ನೋಡಲು ನಿಂತರು. ನಾನೂ ನಿಂತೆ, ನನಗೆ ಸೀಟು ತಪ್ಪಿತು. ಆದರೆ ಗುಟ್ಟು ತಿಳಿಯಿತು: ರಂಗಿರುವುದು ಏಟಿನಲ್ಲಲ್ಲ, ಇಬ್ಬರಿಗೂ ಅದೇ ಜಾಗ ಬೇಕು, ಬಸ್ಸು ಬಿಡುವುದರೊಳಗೆ ಬೇಕು ಎಂಬುದರಲ್ಲಿ.

ಭಾನುವಾರ ಕಥೆಯನ್ನು ಆನೆಗೊಂದಿಯ ದಡಕ್ಕೆ ತಂದೆ. ಹೊಳೆ ಏರುತ್ತಿದೆ, ಇರುವುದೊಂದೇ ಹರಿಗೋಲು, ಅದರಲ್ಲಿ ಮೂವರಿಗಷ್ಟೇ ಜಾಗ. ಅಷ್ಟರಲ್ಲಿ ಡಕಾಯಿತರ ನಾಯಕ ಓಡಿಬಂದು ದೂರದಿಂದಲೇ ಅದರೊಳಗೆ ತನ್ನ ಟವೆಲ್ ಎಸೆದ! ಬಸವರಾಜ “ಕಡೀತೀನಿ!” ಎಂದು ಎದ್ದು ನಿಂತ. ಮಾಸ್ತರರು ಅವನ ಕೈ ಹಿಡಿದರು. “ಏ ತಮ್ಮಾ, ಟವೆಲ್ ಹಾಕ್ಯಾನ. ಹಾಕಿದ ಮ್ಯಾಲ ಸೀಟು ಅವಂದ. ಡಕಾಯಿತ ಆದ್ರೇನು?”

“ಟವೆಲ್ ಹಾಕಿದ್ರ ಆತೇನ್ರಿ? ಮನಷ್ಯಾ ಬಂದು ಕುಂದರಬೇಕು!”

ಗಿರಿಜಾ ಸೌಟು ಹಿಡಿದೇ ಓಡಿಬಂದಳು. “ಅವ ಯಾಕ ದಾಟಬೇಕಂತ ಮೊದಲ ಕೇಳ್ರಿ.” ಇನ್ನಷ್ಟು ಬಿಸಿಯೇರಲೆಂದು ನಾನು “ಆಚಿ ದಂಡ್ಯಾಗ ಮಗಳ ಹೆರಿಗಿ ಐತಿ” ಎಂದೆ. “ಹಂಗಾರ ನಮ್ಮ ಬಸ್ಯಾನ್ನ ಇಳಸ್ರಿ!” ಎಂದಳು ಅವಳು. ಆಮೇಲೆ ಯಾರ ಮಾತು ಯಾರಿಗೂ ಕೇಳಲಿಲ್ಲ. ದಾಳ ಮಂಚದ ಕೆಳಗೆ ಹೋಯಿತು, ಒಳಗೆ ಶೇಂಗಾ ಸೀದುಹೋಗುತ್ತಿತ್ತು, ಮಾಸ್ತರರು ಕಣ್ಣು ಬಿಟ್ಟುಕೊಂಡು ಕೂಗುತ್ತಿದ್ದರು. ನನಗಾದ ಸಂತೋಷ ಅಷ್ಟಿಷ್ಟಲ್ಲ.

ಅದು ಹೆಚ್ಚು ಹೊತ್ತು ಬಾಳಲಿಲ್ಲ. “ಅಲ್ರಿ, ಇಷ್ಟು ಮಂದಿಗೆ ಒಂದ ಹರಿಗೋಲು ಇಟ್ಟಾವ್ರು ಯಾರ?” ಎಂದರು ಮಾಸ್ತರರು. “ಮತ್ಯಾರು, ಇವ್ರ! ಆಫೀಸಿನ್ಯಾಗೂ ಹಿಂಗ, ಇಡೀ ತಾಲೂಕಿನ ಮಂದಿಗೆ ಅರ್ಜಿ ಕೊಡಾಕ ಒಂದ ಕಿಟಕಿ” ಎಂದಳು ಗಿರಿಜಾ. ಕತ್ತಿವೀರ, ಕಳ್ಳ, ಮಂತ್ರವಾದಿನಿ ಮೂವರೂ ಒಂದಾಗಿ ನನ್ನ ಮೇಲೆ ಬಿದ್ದರು. ದನಿ ಏರಿತು, ನಾನು ಅಭ್ಯಾಸಬಲದಿಂದ ಎದ್ದು ಕಪಾಟಿನ ಕಡೆ ಹೊರಟೆ. ತಿರುಗಿ ನೋಡಿದರೆ ನನ್ನ ಖುರ್ಚಿಯ ಮೇಲೆ ಅಡುಗೆಮನೆಯ ಅರಿವೆ! “ಮುಂದಿನ ಕಥಿ ನಾ ಹೇಳ್ತೀನಿ. ನೀವು ಹೋಗಿ ಶೇಂಗಾ ನೋಡ್ರಿ” ಎಂದಳು ಗಿರಿಜಾ. ನ್ಯಾಯ ಸಿಕ್ಕೀತೆಂದು ಮಾಸ್ತರರ ಮುಖ ನೋಡಿದೆ. ಅವರು ಆ ಅರಿವೆಯತ್ತ ಬೆರಳು ತೋರಿಸಿದರು.

ಮುಂದಿನ ಭಾನುವಾರ ಆ ಖುರ್ಚಿಯನ್ನು ಗೆದ್ದೇ ತೀರುತ್ತೇನೆ. ಬೆಳಿಗ್ಗೆಯೇ ಎದ್ದು ಹಾಕಿಬಿಡಲು ಒಂದು ಟವೆಲನ್ನು ಕಪಾಟಿನಲ್ಲಿ ಮಡಚಿಟ್ಟಿದ್ದೇನೆ. ಸದ್ಯಕ್ಕೆ ಸೀದ ಬಾಣಲೆ ತಿಕ್ಕುತ್ತಿದ್ದೇನೆ. ಪಡಸಾಲೆಯಲ್ಲಿ ಯುದ್ಧ ಭಾರೀ ರಂಗೇರಿದಂತಿದೆ.