ಏಳು ಸ್ವರ, ಒಂದು ತೊಟ್ಟಿಲು

"ಇವತ್ತು ಮಗೂನ ನಾನೇ ಮಲಗಿಸ್ತೀನಿ. ನೀವಿಬ್ಬರೂ ಆರಾಮಾಗಿರಿ!" ಎಂದು ಹಲ್ಲಿನ ಡಾಕ್ಟರು ಆ ಮಧ್ಯಾಹ್ನ ಎದೆಯುಬ್ಬಿಸಿ ಘೋಷಿಸಿದರು.

ಮಗಳು ಕೂಸನ್ನೆತ್ತಿಕೊಂಡು ತವರಿಗೆ ಬಂದು ವಾರವಾಗಿತ್ತು. ತೊಟ್ಟಿಲಿನ ಮಹಾರಾಣಿ ಹಗಲೂ ಮಲಗಳು, ಇರುಳೂ ಮಲಗಳು. ನಿದ್ದೆಗೆಟ್ಟು ಸೊರಗಿದ್ದ ಮಗಳು ಅಪ್ಪನ ಮಾತು ಮುಗಿಯುವ ಮೊದಲೇ ಒಳಕೋಣೆಗೆ ಹೋಗಿ ದಿಂಬಿಗೆ ತಲೆ ಕೊಟ್ಟಳು.

ಡಾಕ್ಟರು ಗಿಟಾರ್ ಕೈಗೆತ್ತಿಕೊಂಡರು. ಹೆಂಡತಿ ಎರಡು ಹೆಜ್ಜೆ ಹಿಂದೆ ಸರಿದರು.

"ಹೆದರಬೇಡ ಕಣೇ. ಹೊಸದಾಗಿ ಮೋಡ್ ಕಲ್ತಿದ್ದೀನಿ."

"ಮೋಡಾನಾ? ಅಯ್ಯೋ, ಬಟ್ಟೆ ಹೊರಗಿದೆಯಲ್ರೀ!" ಅವರು ಕಿಟಕಿಗೆ ಓಡಿದರು.

"ಆಕಾಶದ್ದಲ್ಲ ಮಾರಾಯ್ತಿ, ಸಂಗೀತದ್ದು! ಅದೇ ಏಳು ಸ್ವರ. ಯಾವ ಸ್ವರಾನ ಮನೆ ಮಾಡ್ಕೊಂಡು ಹೊರಡ್ತೀವೋ ಅದರ ಮೇಲೆ ಭಾವ ಬದಲಾಗುತ್ತೆ. ಸ ಇಂದ ಹೊರಟ್ರೆ ಸಂತೋಷ. ರಿ ಇಂದ ಹೊರಟ್ರೆ ತಂಪಾದ ಬೇಸರ. ಕೂಸು ಕಣ್ಮುಚ್ಚಿ ತೆಗೆಯೋದರೊಳಗೆ ಗೊರಕೆ!"

"ಕೂಸು ಕಣ್ಣು ಮುಚ್ಚಿದ್ರೆ ಸಾಕು, ತೆಗೆಯೋದು ಬೇಡ," ಎಂದರು ಹೆಂಡತಿ.

ಸ ಇಂದ ಶುರುವಾಯಿತು. ಕೂಸಿಗೆ ಎಷ್ಟು ಸಂತೋಷವಾಯಿತೆಂದರೆ ಕಣ್ಣು ಇನ್ನಷ್ಟು ಅಗಲವಾಯಿತು! ಡಾಕ್ಟರು ರಿ ಗೆ ಜಾರಿದರು. ಕೂಸಿನ ತುಟಿ ಸೊಟ್ಟಗಾಯಿತು. ಗಾಬರಿಯಲ್ಲಿ ಗ ಇಂದ ಹೊರಟರು. ಅದು ಭಯದ ಮೋಡು. ಕೂಸು ಸೂರು ಹಾರಿಹೋಗುವಂತೆ ಕಿರುಚಿತು.

"ಸ ಗೇ ವಾಪಸ್ ಬನ್ರೀ!"

"ದಾರಿ ತಪ್ಪಿದೆ ಕಣೇ!"

ದಾರಿ ಹುಡುಕುತ್ತ ಅವರು ನಿ ಯ ಮೇಲೆ ಹೋಗಿ ನಿಂತರು. ಎಲ್ಲೂ ನೆಲೆ ನಿಲ್ಲದ, ಕೇಳಿದವರಿಗೆ ಹಲ್ಲು ಜುಮ್ಮೆನ್ನಿಸುವ ಮೋಡು ಅದು. ಪಕ್ಕದ ಮನೆಯ ನಾಯಿ ಊಳಿಟ್ಟಿತು. ಟಣ್ ಎಂದು ತಂತಿ ಹರಿಯಿತು. ಬೆಚ್ಚಿದ ಡಾಕ್ಟರ ಮೊಣಕೈ ತಗುಲಿ ನೀರಿನ ಹೂಜಿ ಮಗುಚಿತು. ಒದ್ದೆ ನೆಲದ ಮೇಲೆ ಜಾರುತ್ತ, ಕೆದರಿದ ಕೂದಲಲ್ಲಿ ಮಗಳು ಓಡಿ ಬಂದಳು.

"ಏನಾಯ್ತಪ್ಪಾ? ಯಾರು ಬಿದ್ರು?"

"ಯಾರೂ ಬಿದ್ದಿಲ್ಲಮ್ಮಾ, ಸಂಗೀತ!" ಎಂದರು ತಾಯಿ.

ಮಗಳು ಕೂಸನ್ನೆತ್ತಿ ಹೆಗಲಿಗೆ ಹಾಕಿಕೊಂಡು ಸೋಫಾದಲ್ಲಿ ಕುಸಿದಳು. ಡಾಕ್ಟರ ಮುಖ ಸಣ್ಣಗಾಯಿತು. ಪಕ್ಕದಲ್ಲಿ ಕುಳಿತು, ತಪ್ಪು ತಮ್ಮದಲ್ಲ, ಸ್ವರಗಳ ನಡುವಿನ ಅಂತರಗಳದ್ದು ಎಂದು ಸಮಜಾಯಿಷಿ ಕೊಡತೊಡಗಿದರು:

"ನೋಡಮ್ಮಾ, ಗ, ಮ ಅಕ್ಕಪಕ್ಕದ ಮನೆ. ನಿ, ಸ ಕೂಡ ಹಾಗೇ. ಉಳಿದವುಗಳ ಮಧ್ಯೆ ಒಂದೊಂದು ಮನೆ ಖಾಲಿ. ಹೊರಡೋ ಜಾಗ ಬದಲಾದ್ರೆ ಆ ಸಣ್ಣ ಅಂತರ ಬೇರೆ ಕಡೆ ಬೀಳುತ್ತೆ. ಈಗ ಮ ಇಂದ ಹೊರಟೆವು ಅಂತಿಟ್ಕೋ..."

ಮಾತಿಗೆ ಹೂಂ ಎನ್ನುವವರಿಲ್ಲ. ತಿರುಗಿ ನೋಡಿದರೆ ಕೂಸು ಬಾಯಿ ತೆರೆದು ಮಲಗಿತ್ತು. ಮಗಳ ತಲೆ ಅಪ್ಪನ ಭುಜಕ್ಕೆ ವಾಲಿತ್ತು.

ಡಾಕ್ಟರು ಪಾಠವನ್ನು ಅಲ್ಲಿಗೇ ನಿಲ್ಲಿಸಿದರು.

"ನಿಲ್ಲಿಸಬೇಡ್ರೀ," ಹೆಂಡತಿ ಆಕಳಿಸುತ್ತ ಅವರ ಇನ್ನೊಂದು ಭುಜಕ್ಕೆ ಒರಗಿದರು. "ಇಂಥ ಮಾತು ಬಾಯಲ್ಲಿಟ್ಕೊಂಡು, ಹಲ್ಲು ಕೀಳೋವಾಗ ಪಾಪ ಆ ಜನಕ್ಕೆ ಇಂಜೆಕ್ಷನ್ ಯಾಕೆ ಚುಚ್ತೀರಿ?"